ಹಬ್ಬವಿಲ್ಲದವನ ಬಾಗಿಲು

"ದೀಪ ಊದ್ತಾರಾ ಯಾರಾದ್ರೂ?"

ಅವಳು ಕೂಗಿಯೇಬಿಟ್ಟಳು. ಬಾಗಿಲ ಮುಂದೆ ಆಗಷ್ಟೇ ಹಚ್ಚಿಟ್ಟಿದ್ದ ದೀಪಾವಳಿಯ ಹಣತೆಯನ್ನು ವಾರಗಳಿಂದ ಆ ಅಂತಸ್ತಿನ ಲಿಫ್ಟ್ ಬಳಿಯೇ ಕಾಣುತ್ತಿದ್ದ ರಿಪೇರಿಯವನು ಬಗ್ಗಿ, ಬಾಯಿಂದಲೇ ಊದಿಬಿಟ್ಟಿದ್ದ!

"ಇಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ. ಅಲಾರಂ ಹೊಡ್ಕೊಂಡ್ರೆ ಇಡೀ ಬಿಲ್ಡಿಂಗ್ ಬೀದಿಗೆ ಬರುತ್ತೆ" ಎಂದ. ಅಚ್ಚ ಕನ್ನಡದಲ್ಲಿ.

ಕನ್ನಡ ಕೇಳಿ ಕುಣಿಯಬೇಕೋ, ದೀಪ ಹೋದದ್ದಕ್ಕೆ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಅಕ್ಕನ ಬಾಣಂತನಕ್ಕೆಂದು ಈ ಪರದೇಶಕ್ಕೆ ಬಂದು, ಮಗು ನೋಡಿಕೊಳ್ಳಲು ಉಳಿದವಳು; ಮುಂದಿನ ವಾರ ವಾಪಸ್. ಹಬ್ಬದ ದಿನವೂ ಅಕ್ಕ-ಭಾವ ಕೆಲಸಕ್ಕೆ ಹೋಗಿದ್ದರು. ಎದುರಿನ ಕಿಟಕಿಗಳೆಲ್ಲ ಕತ್ತಲು. ಮಾತಿಗೆ ನರಪಿಳ್ಳೆಯಿಲ್ಲ. ಹೊರಡುವ ಮೊದಲು ಒಬ್ಬರಾದರೂ 'ಹಬ್ಬ ಜೋರಾ?' ಎಂದು ಕೇಳಲಿ... ಅಷ್ಟೇ ಆಸೆ.

ಸಿಟ್ಟು ನುಂಗಿಕೊಂಡು, ಮಗುವನ್ನು ಕಂಕುಳಲ್ಲೆತ್ತಿ, ಕಟ್ಟಡದ ಕೆಲಸದವರಿಗೆಂದು ಕೆಳಗಿನ ಅಂತಸ್ತಿನಲ್ಲಿ ಕೊಟ್ಟಿದ್ದ ಅವನ ಕೋಣೆಗೆ ಸಿಹಿ ಒಯ್ದಳು. ಅವನು ತಟ್ಟೆ ಮುಟ್ಟಲೇ ಇಲ್ಲ. ಬೇಡ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ.

'ಎಷ್ಟು ಕೊಬ್ಬು! ನಾನೇನು ಭಿಕ್ಷೆ ಬೇಡೋಕೆ ಹೋಗಿದ್ನಾ?'

ಮಗುವನ್ನು ಮಲಗಿಸಿ, ಪಕ್ಕದಲ್ಲೇ ಕುಳಿತು ಅತ್ತಳು.

ರಾತ್ರಿ ಕೆಲಸದಿಂದ ಬಂದ ಅಕ್ಕ ವಿಷಯ ಕೇಳಿ ಹಣೆ ಚಚ್ಚಿಕೊಂಡಳು. ಅವನ ತಾಯಿ ತೀರಿಕೊಂಡು ಇನ್ನೂ ವರ್ಷವಾಗಿಲ್ಲವಂತೆ. ರಜೆ ಸಿಗದೆ ಕೊನೆಗೆ ಮುಖ ನೋಡಲೂ ಆಗಲಿಲ್ಲವಂತೆ. ವರ್ಷದೊಳಗೆ ಅವನಿಗೆ ಹಬ್ಬವೆಲ್ಲಿ, ಸಿಹಿಯೆಲ್ಲಿ?

ಅವಳು ಅಡುಗೆಮನೆಗೆ ನಡೆದಳು. ಈ ಕಟ್ಟಡದಲ್ಲಿ ತಾನೊಬ್ಬಳೇ ಒಂಟಿ ಎಂದುಕೊಂಡಿದ್ದಳಲ್ಲ...

ಡಬ್ಬಿ ಹಿಡಿದು ಮತ್ತೆ ಅವನ ಬಾಗಿಲು ತಟ್ಟಿದಳು.

"ಇದು ಹಬ್ಬದ್ದಲ್ಲ. ಬರೀ ಅನ್ನ, ಸಾರು. ಹಬ್ಬ ಇಲ್ಲದ ಮನೆಗೆ ಅಕ್ಕಪಕ್ಕದೋರು ತಾನೇ ಊಟ ಕೊಡ್ಬೇಕು?"

ಡಬ್ಬಿ ಇಸಿದುಕೊಂಡ ಅವನ ಕಣ್ಣು ತುಂಬಿ ಬಂತು. ಅಮ್ಮ ಹೋದ ಮೇಲೆ ಊಟ ಆಯ್ತಾ ಎಂದು ಕೇಳಿದವರೇ ಇಲ್ಲ ಎಂದ. ಆಮೇಲೆ ತಲೆ ತಗ್ಗಿಸಿದ.

"ನಿಮ್ಮ ಅಂತಸ್ತಲ್ಲಿ ಲಿಫ್ಟ್ ಕೆಟ್ಟೇ ಇಲ್ಲ. ನೀವು ಮಗು ಹತ್ರ ಮಾತಾಡೋದು ಕೇಳೋಕೆ ಬರ್ತಿದ್ದೆ."

'ಕಳ್ಳ! ಇಷ್ಟು ದಿನ ಒಂದು ಮಾತು ಆಡಬಾರದಿತ್ತಾ? ನಾನು ಹೊರಟೇಬಿಡ್ತೀನಲ್ಲ...'

ಅವಳ ಕೆನ್ನೆ ಬಿಸಿಯಾಯಿತು.

"ವರ್ಷ ಕಳೆಯೋವರೆಗೆ ಶುಭದ ಮಾತು ಎತ್ತೋ ಹಾಗಿಲ್ಲ ನಾನು" ಎಂದ ಅವನು. "ಇಲ್ದಿದ್ರೆ ಇವತ್ತೇ ಕೇಳ್ತಿದ್ದೆ."

"ಕೇಳ್ಬೇಡಿ ಮತ್ತೆ. ಕಾಯ್ತೀನಿ ಅಂತ ನಾನೇ ಹೇಳ್ತಿದ್ದೀನಿ." ಅವಳು ಒಳಗೆ ಬಂದು ಡಬ್ಬಿಯ ಮುಚ್ಚಳ ತೆಗೆದಳು. "ಮೊದ್ಲು ಊಟ ಮಾಡಿ, ತಣ್ಣಗಾಗುತ್ತೆ."