ಮುತ್ಯಾನ ವಹಿಗೆ ಯಾವ ಕ್ಯಾಮೆರಾ?

“ನನಗ ಈ ದೊಡ್ಡದಽ ಬೇಕು, ಮಾಮಾ!”

ಕೊಲ್ಹಾರದ ತನ್ನ ಫೋಟೊ ಸ್ಟುಡಿಯೊದಲ್ಲಿ ಮುಕ್ತಾರ ಮಾಮಾ ಎರಡು ಡಿಜಿಟಲ್ ಕ್ಯಾಮೆರಾ ತೆಗೆದು ಟೇಬಲ್ ಮೇಲೆ ಇಟ್ಟಿದ್ದ. ಒಂದು ಮದುವೆ ಫೋಟೊ ತೆಗೆಯುವ ಕರಿ ಕ್ಯಾಮೆರಾ. ಉದ್ದ ಲೆನ್ಸು, ತಲೆಯ ಮೇಲೆ ಫ್ಲ್ಯಾಷು. ಇನ್ನೊಂದು ಅಂಗೈಯಷ್ಟು ಸಣ್ಣದು, ಅಲ್ಲಲ್ಲಿ ಬಣ್ಣ ಹೋಗಿತ್ತು.

“ಯಾರ ಮದಿವಿ ಐತೆವಾ ಇವತ್ತ?” ಎಂದ ಮಾಮಾ.

“ಮದಿವಿ ಅಲ್ಲ, ನಮ್ಮ ಮುತ್ಯಾನ ವಹಿ. ಹಳೇ ಊರಿಂದ ತಂದದ್ದರ ಫೋಟೊ ತರ್ರಿ ಅಂದಾರ ಟೀಚರ್.”

“ಹಂಗಾರ ಸಣ್ಣದು ಒಯ್ಯಿ. ಹತ್ರ ಹಿಡದರೂ ಅಕ್ಷರ ಸ್ವಚ್ಛ ಬರ್ತಾವ.”

ತರನ್ನುಮ ಮೂಗು ಮುರಿದಳು. ಆ ಡಬ್ಬಿ ಹಿಡಿದುಕೊಂಡು ಹೋದರೆ ಯಾರು ನೋಡುತ್ತಾರೆ? ಕರಿ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡೇ ಬಿಟ್ಟಳು. ಗೆಳತಿ ದಾನೇಶ್ವರಿಗೆ ಕಾಣಲಿ ಎಂದು ಅವಳ ಓಣಿಯಿಂದಲೇ ಸುತ್ತು ಹಾಕಿ ಹೋದಳು. ಅಯ್ಯೋ, ಆ ಹುಡುಗಿ ಅವತ್ತೇ ಹೊರಗೆ ಇರಲಿಲ್ಲ!

ಮನೆಯಲ್ಲಿ, ಅವಳು ದಾದಿ ಎಂದು ಕರೆಯುವ ಅಜ್ಜಿ ಶಮಶಾದಬಿ ಫ್ಯಾನ್ ಆರಿಸಿ, ಬಾಗಿಲ ಬೆಳಕಿಗೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ವಹಿ ಇಟ್ಟು ಕುಳಿತಿದ್ದಳು. ಅಜ್ಜಿಯ ಗಂಡ, ಮುತ್ಯಾ, ಮೊಹರಂನಲ್ಲಿ ಹಾಡುತ್ತಿದ್ದ ರಿವಾಯತ ಪದಗಳನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟ ಹಳೇ ನೋಟುಬುಕ್ಕು ಅದು. ಹಳೇ ಕೊಲ್ಹಾರ ಅಣೆಕಟ್ಟಿನ ನೀರಲ್ಲಿ ಮುಳುಗುವ ಮೊದಲು ಅಜ್ಜಿ ಅದನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು. ಈಗ ಹಾಳೆಗಳು ಕಡಕ ರೊಟ್ಟಿಯಂತಾಗಿದ್ದವು. ಮುರಿದಾವು ಎಂದು ಹೆದರಿ, ಮುತ್ಯಾ ತೀರಿಕೊಂಡ ಮೇಲೆ ಅಜ್ಜಿ ವಹಿ ತೆರೆದೇ ಇರಲಿಲ್ಲ.

“ಒಮ್ಮೆ ತಗೀತೇನಿ. ಒಂದಽ ಹಾಳಿ. ಮತ್ತ ಕೇಳಬ್ಯಾಡ,” ಎಂದು ಅಜ್ಜಿ ವಹಿ ಬಿಚ್ಚಿದಳು.

ತರನ್ನುಮ ಬಗ್ಗಿ ಕ್ಯಾಮೆರಾ ಹಿಡಿದಳು. ಲೆನ್ಸು ಗುರ್ ಗುರ್ ಎಂದಿತು, ಅಷ್ಟು ಹತ್ತಿರದ್ದು ಅದಕ್ಕೆ ಕಾಣಲೇ ಇಲ್ಲ. ಎದ್ದು ನಿಂತು ಬಟನ್ ಒತ್ತಿದಳು. ಫಳ್! ಸ್ಕ್ರೀನ್ ಮೇಲೆ ಹಾಳೆ ಬೆಳ್ಳಗೆ ಹೊಳೆಯಿತು. ಒಂದು ಅಕ್ಷರವೂ ಇಲ್ಲ.

“ಏನಿದು, ಹಾಳಿಗೂ ಪೌಡರ್ ಬಡದಂಗ ಮಾಡೇತಲ್ಲ!” ಎಂದು ಅಜ್ಜಿ ನಕ್ಕಳು.

ತರನ್ನುಮ ಇನ್ನೊಮ್ಮೆ ಬಗ್ಗಿದಳು. ಜೋತಾಡುತ್ತಿದ್ದ ಬೆಲ್ಟು ಹಾಳೆಗೆ ತಾಗಿತು. ಪಟ್! ಮೂಲೆ ಮುರಿದು ಬಿತ್ತು. ಆ ತುಣುಕಿನಲ್ಲಿ ಎರಡು ಅಕ್ಷರ ಇದ್ದವು.

ಅಜ್ಜಿಯ ನಗು ನಿಂತಿತು. ತುಣುಕನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. ತರನ್ನುಮಳಿಗೆ ಅಳು ಬಂತು.

“ಮಾಮಾ ಸಣ್ಣದು ಒಯ್ಯಿ ಅಂದಿದ್ದ, ದಾದಿ. ನಾನಽ ಜಂಬಾ ಮಾಡಾಕ ಇದನ್ನ ತಂದೆ.”

ಅಜ್ಜಿ ವಹಿಯ ಕಡೆ ನೋಡಿದಳು. “ಈಗ ಮುಚ್ಚಿದರ ಇನ್ನಷ್ಟ ಮುರೀತೈತಿ. ಗಾಳಿಗೆ ಹಾರದಂಗ ನಾ ಹಿಂಗಽ ಕೈ ಅಡ್ಡ ಹಿಡದ ಕುಂಡರ್ತೇನಿ. ಓಡು!”

ತರನ್ನುಮ ಓಡಿದಳು. ಈಗ ದಾನೇಶ್ವರಿ ಹೊರಗೇ ನಿಂತಿದ್ದಳು! “ಅಬಬಾ, ಎಷ್ಟ ದೊಡ್ಡ ಕ್ಯಾಮೆರಾ! ತೋರಸಽ!”

“ಆಮ್ಯಾಲೆ!” ತರನ್ನುಮ ನಿಲ್ಲಲೇ ಇಲ್ಲ.

ಅವಳ ಮುಖ ನೋಡಿ ಮಾಮಾ ಚೇಷ್ಟೆ ಮಾಡಲಿಲ್ಲ. ಸಣ್ಣ ಕ್ಯಾಮೆರಾದ ಫ್ಲ್ಯಾಷ್ ಬಂದ್ ಮಾಡಿ, ಹತ್ತಿರದ ಫೋಟೊಗೆ ಹೂವಿನ ಗುರುತಿನ ಬಟನ್ ಒತ್ತಿ, ಟೈಮರ್ ಇಟ್ಟ. “ಪ್ಲಾಸ್ಟಿಕ್ ಸ್ಟೂಲಿಗೆ ನಡಕ ತೂತ ಇರ್ತೈತಲ್ಲ? ಅದರಾಗಿಂದ ಕೆಳಗ ನೋಡೂ ಹಂಗ ಇಡು. ಬಟನ್ ಒತ್ತಿ ಕೈ ತಗಿ.”

ಬಂದು ನೋಡಿದರೆ ಅಜ್ಜಿ ಕೂತಲ್ಲೇ ಬೆವೆತು ನೀರಾಗಿದ್ದಳು. ಕೈ ಮಾತ್ರ ಅಲುಗಿರಲಿಲ್ಲ. “ಲಗೂ ತಗಿಯವಾ! ಈ ನೊಣ ನನ್ನ ಮೂಗಿನ ಮ್ಯಾಲ ಮನಿ ಕಟ್ಟೇತಿ!”

ತರನ್ನುಮ ತುಣುಕನ್ನು ಅದರ ಜಾಗಕ್ಕೆ ಹೊಂದಿಸಿಟ್ಟು, ವಹಿಯ ಆಚೀಚೆ ಕಾಲು ಬರುವಂತೆ ಸ್ಟೂಲು ನಿಲ್ಲಿಸಿ, ತೂತಿನ ಮೇಲೆ ಕ್ಯಾಮೆರಾ ಇಟ್ಟು ಬಟನ್ ಒತ್ತಿದಳು. ಕ್ಲಿಕ್!

ಪೆನ್ಸಿಲ್ ಅಕ್ಷರಗಳೆಲ್ಲ ಬಂದಿದ್ದವು, ಅಳಿಸಿ ಬರೆದದ್ದೂ ಕಾಣುತ್ತಿತ್ತು. ತರನ್ನುಮ ಫೋಟೊ ದೊಡ್ಡದು ಮಾಡಿ ತೋರಿಸಿದಳು. ಅಜ್ಜಿ ನೊಣ ಓಡಿಸಿ, ಕೈ ಒರೆಸಿಕೊಳ್ಳುವುದನ್ನೂ ಮರೆತು, ಸ್ಕ್ರೀನ್ ಮೇಲೆ ಬೆರಳಿಟ್ಟಳು. ಮುತ್ಯಾನ ಅಕ್ಷರಗಳ ಮೇಲೆ ಆ ಬೆರಳು ನಿಧಾನವಾಗಿ ಹೋಯಿತು, ಮತ್ತೆ ಬಂತು. ಒತ್ತಿದರೂ ಏನೂ ಮುರಿಯಲಿಲ್ಲ.

“ಇನ್ನ ದೊಡ್ಡದ ಮಾಡು,” ಎಂದಳು ಅಜ್ಜಿ.

ಸ್ಕ್ರೀನ್ ಹೊಲಸಾಗುತ್ತದೆ ಎನ್ನಲು ತರನ್ನುಮ ಬಾಯಿ ತೆರೆದಳು. ಆಮೇಲೆ ಒರೆಸಿದರಾಯಿತು. ಆ ಸಣ್ಣ ಕ್ಯಾಮೆರಾವನ್ನು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು ಕುಳಿತಳು.