ಮೂರನೇ ಕಾಲಂ

"ಸ್ವಲ್ಪ ಪಕ್ಕಕ್ಕೆ ಬನ್ನಿ ಮೇಡಂ. ಬೆಳಕಿಗೆ ಅಡ್ಡ ನಿಂತಿದ್ದೀರ."

ಮೇಡಂ!

ಅವಳ ಪೆನ್ನು ನಿಂತಿತು. ಎರಡು ವರ್ಷದ ಹಿಂದೆ ಇದೇ ಟೆಸ್ಟಿಂಗ್ ಕೋಣೆಯಲ್ಲಿ ಇದೇ ಮನುಷ್ಯ ಅವಳನ್ನು 'ಗುಂಡುಸೂಜಿ' ಎಂದು ಕರೆಯುತ್ತಿದ್ದ. ಆಗ ಅವಳು ಈ ಪಂಪ್ ಕಾರ್ಖಾನೆಯ ಎಂಜಿನಿಯರ್. ಈಗ ಸಲಹಾ ಕಂಪನಿಯವಳು. ಒಂಬತ್ತು ಜನ ಮಾಡುವ ಕೆಲಸಕ್ಕೆ ನಿಜವಾಗಿ ಎಷ್ಟು ಜನ ಬೇಕು ಎಂದು ಅಳೆಯಲು ಬಂದಿದ್ದಾಳೆ.

ಓಡುತ್ತಿದ್ದ ಪಂಪಿನ ಬೇರಿಂಗ್ ಮೇಲೆ ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದ. ಒಳಗಿನ ಕೆಡುಕು ಅವನಿಗೆ ಹಾಗೇ ತಿಳಿಯುತ್ತಿತ್ತು. ಕಾರ್ಖಾನೆಗೆಲ್ಲ ಅವನು 'ಡಾಕ್ಟ್ರು'.

ಕಣ್ಣು ಮುಚ್ಚಿದಾಗ ಹುಬ್ಬಿನ ನಡುವೆ ಬೀಳುವ ಆ ಗೆರೆ... ಇನ್ನೂ ಇದೆ.

"ಬಂದ್ಲಪ್ಪ ನಮ್ಮ ಹುಡುಗಿ!" ಮೂಲೆಯಿಂದ ಹಿರಿಯ ಫಿಟ್ಟರ್ ಕೂಗಿದ. ಅವನು ಎಲ್ಲರಿಗೂ 'ಮಾವ'. "ಗ್ರೀಸ್ ತೊಳ್ಕೊಂಡು ಹೋದೋಳು, ಈಗ ನಮ್ಮನ್ನೇ ತೊಳೆಯೋಕೆ ಬಂದಿದ್ದಾಳೆ!"

ಎಲ್ಲರೂ ನಕ್ಕರು. ಡಾಕ್ಟ್ರು ನಗಲಿಲ್ಲ.

ಅವಳ ಹಾಳೆಯಲ್ಲಿ ಮೂರು ಕಾಲಂ. ಕೆಲಸ, ಓಡಾಟ, ಖಾಲಿ. ಐದು ನಿಮಿಷಕ್ಕೊಮ್ಮೆ ಒಬ್ಬೊಬ್ಬರನ್ನೂ ನೋಡಿ ಗೆರೆ ಹಾಕಬೇಕು.

"ಕೈ ಆಡ್ತಿಲ್ಲ ಅಂದ್ರೆ ಖಾಲಿ, ಅಷ್ಟೇ," ಎಂದು ಅವಳ ಮೇಲಿನ ಹಿರಿಯ ಸಲಹೆಗಾರ ಮೊದಲೇ ಹೇಳಿದ್ದ. "ಹಳೇ ಜಾಗ ಅಂತ ಕರಗಬೇಡ. ನಿನ್ನ ಕೆಲಸ ಖಾಯಂ ಆಗೋದು ಈ ವರದಿ ಮೇಲೆ."

ಕಿವಿಗೊಟ್ಟು ನಿಂತವನ ಕೈ ಆಡುವುದಿಲ್ಲ. ಪೆನ್ನು ಮೂರನೇ ಕಾಲಂ ಮೇಲೆ ಒಂದು ಕ್ಷಣ ತಡೆಯಿತು. 'ಅವನ ಮೇಲೆ ನನಗೇನೋ ಇದೆ ಅಂತ ಯಾರಾದರೂ ಅಂದುಕೊಂಡರೆ?'

ಗೆರೆ ಹಾಕಿದಳು. ನಾಲ್ಕು ದಿನ ಹಾಕುತ್ತಲೇ ಹೋದಳು.

ಐದನೇ ದಿನ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಅವನು ಅವಳ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಅವಳು ಪ್ರಿಂಟರಿನಲ್ಲಿ ಮರೆತುಬಂದಿದ್ದ ಹಾಳೆ.

"ಅರವತ್ತೆರಡು ಪರ್ಸೆಂಟ್ ಖಾಲಿ. ಇದು ನಾನಾ?"

"ಅದು... ಅಳೆಯೋ ಪದ್ಧತಿ ಹಾಗಿದೆ..."

"ಒಂಬತ್ತರಲ್ಲಿ ಐದು ಜನ ಸಾಕು ಅಂತ ಬರ್ದಿದ್ದೀರ. ಗೊತ್ತಿಲ್ದೋರು ಯಾರೋ ಬರ್ದಿದ್ರೆ ಬೇಜಾರಿರ್ಲಿಲ್ಲ. ನಿಮಗೆ ಬೇರಿಂಗ್ ಕೇಳೋದು ಹೇಳ್ಕೊಟ್ಟಿದ್ದೇ ನಾನು ಮೇಡಂ."

ಮತ್ತೆ ಮೇಡಂ! ಅವಳ ತಾಳ್ಮೆಯ ಕಟ್ಟೆಯೊಡೆಯಿತು.

"ಕೆಲಸ ಬಿಡ್ತೀನಿ ಅಂದಾಗ 'ಒಳ್ಳೇದು, ಹೋಗು' ಅಂದೋನು ನೀನು! ಒಂದು ಮಾತು ತಡೀಲಿಲ್ಲ. ಈಗ ಯಾವ ಹಕ್ಕಿಂದ ಕೇಳ್ತೀಯ?"

ಅವನ ಮುಖ ಬಿಳಿಚಿಕೊಂಡಿತು.

"ಯಾವ ಹಕ್ಕೂ ಇಲ್ಲ." ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಲೋಟದ ಚಹಾ ಆರಿತು. 'ಗೊತ್ತಿದ್ದೂ ಸುಳ್ಳು ಬರೆದೆ. ಅದೂ, ಅವನು ನನಗೆ ಯಾರೂ ಅಲ್ಲ ಅಂತ ತೋರಿಸಿಕೊಳ್ಳೋಕೆ. ಥೂ!'

ವರದಿ ಒಪ್ಪಿಸುವ ಸಭೆ ಅದೇ ಮಧ್ಯಾಹ್ನ ಮೂರಕ್ಕೆ. ಅತ್ತು ಪ್ರಯೋಜನವಿರಲಿಲ್ಲ. ಅವಳು ದೂರು ವಿಭಾಗಕ್ಕೆ ಹೋಗಿ, ಕೆಟ್ಟು ವಾಪಸ್ ಬಂದ ಪಂಪುಗಳ ಎರಡು ವರ್ಷದ ಪುಸ್ತಕ ತೆರೆದು ಕೂತಳು.

ಮೂರು ಗಂಟೆಗೆ ಅವಳು ಕಾರ್ಖಾನೆಯ ಮ್ಯಾನೇಜರ್ ಮುಂದೆ ಎದ್ದು ನಿಂತಳು.

"ಮೂರನೇ ಕಾಲಂ ತಪ್ಪು ಸಾರ್. ತಪ್ಪು ಮಾಡಿದ್ದು ನಾನು."

ಹಿರಿಯ ಸಲಹೆಗಾರ ಕೆಮ್ಮಿದ.

"ಖಾಲಿ ಅಂತ ಬರೆದಿರೋ ಹೊತ್ತಲ್ಲಿ ಅವರೆಲ್ಲ ಬೇರಿಂಗ್ ಕೇಳ್ತಿದ್ರು. ತಿಂಗಳಿಗೆ ವಾಪಸ್ ಬರೋದು ಮೂರೋ ನಾಲ್ಕೋ ಪಂಪು. ಹೋದ ವರ್ಷ ಡಾಕ್ಟ್ರು... ಅಂದ್ರೆ ಟೆಸ್ಟಿಂಗ್ ಮೇಲ್ವಿಚಾರಕರು, ತಾಯಿ ಆಪರೇಷನ್‌ಗೆ ಅಂತ ಒಂದು ತಿಂಗಳು ರಜೆ ಹಾಕಿದ್ರು. ಅವರಿಲ್ದೆ ಕೇಳೋ ಕೆಲಸ ಅರೆಬರೆ ಆಯ್ತು. ಆ ತಿಂಗಳ ಮಾಲಲ್ಲಿ ವಾಪಸ್ ಬಂದಿದ್ದು ನಲವತ್ತೊಂದು. ಎಲ್ಲಾ ಬೇರಿಂಗ್ ದೂರೇ."

ಮ್ಯಾನೇಜರ್ ಕನ್ನಡಕ ತೆಗೆದ. "ಮೊದಲೇ ಯಾಕೆ ಹೇಳ್ಲಿಲ್ಲ?"

"ಹಳೇ ಸ್ನೇಹಕ್ಕೆ ಹೇಳ್ತಾಳೆ ಅಂತೀರ ಅನ್ನೋ ಭಯ ಇತ್ತು."

ಹೊರಗೆ ಬಂದಮೇಲೆ ಹಿರಿಯ ಸಲಹೆಗಾರ ತಣ್ಣಗೆ ಕೇಳಿದ. "ನಿನ್ನ ನಾಲ್ಕು ದಿನದ ಕೆಲಸನ ಯಾವ ಕಾಲಂಗೆ ಹಾಕ್ಲಿ? ಇನ್ನು ಬೇರೆಯವರು ಅಳೀತಾರೆ. ನಿನ್ನ ಖಾಯಂ ಮಾತು ಆರು ತಿಂಗಳು ಮುಂದಕ್ಕೆ."

ಒಂಬತ್ತು ಜನವೂ ಉಳಿಯುತ್ತಾರೆ ಎಂದು ಯಾರೂ ಹೇಳಲಿಲ್ಲ. ಐದು ಎಂಬ ಸಂಖ್ಯೆ ಮಾತ್ರ ವರದಿಯಿಂದ ಹೋಯಿತು.

ಶಿಫ್ಟ್ ಮುಗಿದ ಗಂಟೆ ಹೊಡೆಯಿತು. ಗೇಟಿನ ಬಳಿ ಮಾವ ಎದುರಾದ.

"ಮೇಲಿನ ಕೋಣೇಲಿ ನಿನ್ನನ್ನೇ ತೊಳೆದ್ರಂತೆ?"

"ಹೂಂ ಮಾವ. ತೊಳೆದು ಒಣಗಾಕಿದ್ರು."

"ಡಾಕ್ಟ್ರು ಇನ್ನೂ ಒಳಗೇ ಇದ್ದಾನೆ. ಹೋಗು, ನೋಡ್ತಾ ನಿಂತ್ಕೋಬೇಡ!"

ಟೆಸ್ಟಿಂಗ್ ಕೋಣೆಯಲ್ಲಿ ಪಂಪುಗಳೆಲ್ಲ ನಿಂತಿದ್ದವು. ಅವನು ಸ್ಕ್ರೂಡ್ರೈವರ್ ಒರೆಸುತ್ತಿದ್ದ.

"ಎಂಜಿನಿಯರ್ ಕೆಲಸಕ್ಕೆ ವಾಪಸ್ ಬರ್ತೀಯಾ?" ತಲೆ ಎತ್ತದೆ ಕೇಳಿದ.

ಬರ್ತೀಯಾ! ಅವಳ ಕಣ್ಣು ತುಂಬಿತು.

"ಇಲ್ಲ. ಈ ಕೆಲಸ ನನಗಿಷ್ಟ. ಇನ್ಮೇಲೆ ಸರಿಯಾಗಿ ಮಾಡ್ತೀನಿ."

"ನಾನೂ ಬಾ ಅನ್ನಲ್ಲ. ಅವತ್ತೂ ಅದಕ್ಕೇ ತಡೀಲಿಲ್ಲ. ಹೋಗ್ಬೇಕು ಅಂತ ನಿನ್ನ ಮುಖದಲ್ಲೇ ಇತ್ತು. ತಡೆದಿದ್ರೆ ಉಳೀತಿದ್ದೆ... ಆಮೇಲೆ ದಿನಾ ನನ್ನ ಮೇಲೆ ಗೊಣಗ್ತಿದ್ದೆ."

"ಗೊಣಗ್ತಿದ್ದೆ," ಎಂದು ಒಪ್ಪಿಕೊಂಡಳು. "ಆದ್ರೂ ಬೇಜಾರಾಗ್ತಿದೆ ಅಂತಾದ್ರೂ ಅನ್ಬಹುದಿತ್ತು!"

"ನನಗೆ ಕೇಳೋದು ಬರತ್ತೆ. ಹೇಳೋದು ಬರಲ್ಲ."

ಕೈ ಇಳಿಬಿಟ್ಟು ಅವನು ಸುಮ್ಮನೆ ನಿಂತ.

"ಈಗ ಏನ್ ಮಾಡ್ತಿದ್ದೀಯ?" ಅವಳು ಕೇಳಿದಳು.

"ಖಾಲಿ ನಿಂತಿದ್ದೀನಿ. ಬರ್ಕೋ, ಗುಂಡುಸೂಜಿ."

"ಇಲ್ಲ... ಕೇಳಿಸ್ಕೊಳ್ತಿದ್ದೀಯ. ಹಾಗಾದ್ರೆ ಕೇಳಿಸ್ಕೋ. ನೀನಂದ್ರೆ ನನಗಿಷ್ಟ. ಇಲ್ಲಿಂದ ಹೋಗೋಕೂ ಮುಂಚಿಂದ."

ಅವನು ಕಣ್ಣು ಮುಚ್ಚಿದ. ಹುಬ್ಬಿನ ನಡುವೆ ಗೆರೆ ಬಿತ್ತು. ಆಮೇಲೆ ಮೆಲ್ಲಗೆ ಸಡಿಲಾಯಿತು.

"ಇನ್ನೊಂದ್ಸಲ ಹೇಳು."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೆ ಒಂದೇ ಸಲಕ್ಕೆ ನಾನು ಯಾವುದನ್ನೂ ಪಾಸ್ ಮಾಡಲ್ಲ."