ಆಯಿಯ ನೀರಡಿಕೆ

“ಬ್ಯಾಡ! ಆಯಿಗೆ ನೀರ ಕೊಡಬ್ಯಾಡ್ರಿ!”

ಪೂರ್ಣಿ ತಂಬಿಗೆಗೆ ಅಡ್ಡ ನಿಂತಳು. ಜೋಳ ಹಸನು ಮಾಡುತ್ತಿದ್ದ ಆಯಿ, ಅವಳ ಅಜ್ಜಿ, ಇದ್ದಕ್ಕಿದ್ದಂತೆ ಪಕ್ಕಕ್ಕೆ ವಾಲಿದ್ದಳು. ಬಾಯಿ ಸೊಟ್ಟಗಾಗಿತ್ತು. ಬಲಗೈ ಏಳುತ್ತಿರಲಿಲ್ಲ. ಎಡಗೈಯಿಂದ ತುಟಿ ತೋರಿಸಿ, “ನೀ... ನೀರ...” ಎಂದು ತೊದಲುತ್ತಿದ್ದಳು. ಅವ್ವ ಅಪ್ಪನನ್ನು ಕರೆಯಲು ಹೊಲಕ್ಕೆ ಓಡಿದ್ದಳು.

“ಏ ಹುಚ್ಚಿ, ಅತ್ತಾಗ ಸರಿ! ಮುದುಕಿ ನೀರಡಿಸ್ಯಾಳ,” ಎಂದಳು ತಂಬಿಗೆ ತಂದಿದ್ದ ಪಕ್ಕದ ಮನೆಯ ಖಾಜಾಬಿ.

“ಲಕ್ವಾ ಹೊಡದ್ರ ನೀರ ಹಾಕಬಾರದ್ರಿ. ಗಾಳಿ ಕೊಳವಿಗೆ ಹೋಗತೈತಿ. ನಮ್ಮಣ್ಣ ಹೇಳ್ಯಾನ.”

ಅಣ್ಣ ಸಿದ್ದಾರೂಢ ಹುಬ್ಬಳ್ಳಿಯಲ್ಲಿ ಆಂಬ್ಯುಲೆನ್ಸ್ ಕೆಲಸದ ಟ್ರೇನಿಂಗ್ ಮಾಡುತ್ತಿದ್ದ. ರಜೆಗೆ ಬಂದರೆ ಅವನ ಪಾಠಕ್ಕೆ ಪೂರ್ಣಿಯ ಮೈಯೇ ಕರಿಹಲಗೆ. ಅವಳ ಗಂಟಲ ಮೇಲೆ ಬೆರಳಿಟ್ಟು, “ಮುಂದಿಂದು ಟ್ರೇಕಿಯಾ, ಗಾಳಿ ಕೊಳವಿ. ಹಿಂದಿಂದು ಅನ್ನದ ಕೊಳವಿ. ಮ್ಯಾಲ ಎಪಿಗ್ಲಾಟಿಸ್, ಅಂದ್ರ ಮುಚ್ಚಳ. ನುಂಗುವಾಗ ಗಾಳಿ ಕೊಳವಿ ಮುಚ್ಚತೈತಿ. ಲಕ್ವಾ ಹೊಡದ್ರ ನೆಟ್ಟಗ ಮುಚ್ಚಾಂಗಿಲ್ಲ,” ಎನ್ನುತ್ತಿದ್ದ. ಪೂರ್ಣಿ ಅದನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿ ಶಾಲೆಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಅಪ್ಪ ದ್ಯಾಮಪ್ಪ ಏದುಸಿರು ಬಿಡುತ್ತ ಬಂದ.

“ಸಿದ್ದೂ ಖರೇ ಹಂಗ ಹೇಳ್ಯಾನೇನು?”

“ದೇವರಾಣಿ ಅಪ್ಪಾ. ಒಂದ ಮಗ್ಗಲಾ ಮಲಗಸ್ಬೇಕಂತ.”

ಅಪ್ಪ ಖಾಜಾಬಿಯ ಕೈಯಿಂದ ತಂಬಿಗೆ ಇಸಿದುಕೊಂಡು ಕೆಳಗಿಟ್ಟ. ಆಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ ೧೦೮ಕ್ಕೆ ಫೋನ್ ಹಚ್ಚಿದ. ಗಾಡಿ ರೋಣದಿಂದ ಬೆಳವಣಕಿಗೆ ಬರುವವರೆಗೂ ಆಯಿ ಆ ತಂಬಿಗೆಯನ್ನೇ ನೋಡುತ್ತಿದ್ದಳು. ಪೂರ್ಣಿ ಅವಳ ಕೈ ಹಿಡಿದು ಕುಳಿತಿದ್ದಳು. ಅವಳ ಕಣ್ಣನ್ನು ಮಾತ್ರ ನೋಡಲಾಗಲಿಲ್ಲ.

ಗದಗಿನ ಆಸ್ಪತ್ರೆ ಮುಟ್ಟುವ ಮೊದಲೇ ಆಯಿ ಹೋಗಿಬಿಟ್ಟಳು.

ಊರ ಬಾಯಿ ಮುಚ್ಚುವವರು ಯಾರು? “ಹೋಗೋ ಜೀವದ ಬಾಯಾಗ ಒಂದ ಹನಿ ನೀರ ಬೀಳಲಿಲ್ಲ. ಮೊಮ್ಮಗಳ ಅಡ್ಡ ನಿಂತಳಂತವಾ,” ಎಂದು ಹೆಂಗಸರು ಮಾತಾಡಿಕೊಂಡರು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಪೂರ್ಣಿಗೆ. ಅವಳಿಗೆ ಒಂದು ಗುಟುಕು ನೀರು ಇಳಿಯುವುದೂ ಕಷ್ಟವಾಯಿತು.

ಮರುದಿನ ಊರಿಗೆ ಬಂದ ಸಿದ್ದಾರೂಢ ಎಲ್ಲವನ್ನೂ ಕೇಳಿ, ಎಲ್ಲರ ಮುಂದೆಯೇ, “ಪೂರ್ಣಿ ಮಾಡಿದ್ದ ಬರೋಬ್ಬರಿ. ನೀರ ಹಾಕಿದ್ರ ಅಲ್ಲೇ ಉಸಿರ ಕಟ್ಟತಿತ್ತು,” ಎಂದ. ಅಪ್ಪ ತಲೆಯಾಡಿಸಿದ. ಆದರೂ ಮಗಳ ಕಡೆ ನೋಡಲಿಲ್ಲ.

ಹಿತ್ತಲಲ್ಲಿ ಅಣ್ಣ ಒಬ್ಬನೇ ಇದ್ದಾಗ ಪೂರ್ಣಿ ಕೇಳಿದಳು. “ಅಣ್ಣಾ, ಆಯಿ ಭಾಳ ನೀರಡಿಸಿದ್ದಳು. ತುಟಿಯಾದ್ರೂ ತೋಯಿಸಬಹುದಿತ್ತೇನು?”

ಅಣ್ಣ ಅಲ್ಲೇ ಕಟ್ಟೆಯ ಮೇಲೆ ಕುಳಿತ.

“ಹ್ಞೂಂ. ಹಸಿ ಅರಿವಿ ತುಂಡಿಲೆ ತುಟಿ ಒರಸಬಹುದಿತ್ತು. ಅದನ್ನ ನಾ ನಿನಗ ಹೇಳೇ ಇಲ್ಲ.”

ಅವನು ಮೊಣಕಾಲಲ್ಲಿ ಮುಖ ಹುದುಗಿಸಿ ಅಳತೊಡಗಿದ.

ಪೂರ್ಣಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಯಿಯ ನೀರಡಿಕೆ ಇನ್ನು ಮೇಲೆ ತನ್ನೊಬ್ಬಳದೇ ಅಲ್ಲ, ಅವನದೂ ಹೌದು ಎಂದು ಅವಳಿಗೆ ತಿಳಿಯಿತು. ಅಣ್ಣನ ಮಗ್ಗುಲಿಗೆ ಸರಿದು ಕುಳಿತಳು.